ಹಾಲು ಕರೆಯಬಲ್ಲದೇ ಮೋಟಾರಿನ ಕೈ?

ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ವಾಳೆಯ ಒಬ್ಬ ಕೃಷಿಕರ ಬಲಗೈ ಮೇವು ಕತ್ತರಿಸುವ ಮೆಷಿನಿಗೆ ಸಿಕ್ಕಿತು. ಸಂಜೆಯ ಹೊತ್ತು, ಒದ್ದೆ ಹುಲ್ಲು, ಬಾಯಲ್ಲಿ ಸಿಕ್ಕಿಕೊಂಡ ಕಂತೆಯನ್ನು ಕೈಯಿಂದಲೇ ದೂಡಿದರು. ಆಸ್ಪತ್ರೆಯಲ್ಲಿ ಮೊಣಕೈಯಿಂದ ಐದಾರು ಇಂಚು ಕೆಳಗೆ ಕತ್ತರಿಸಬೇಕಾಯಿತು. ಒಂದೂವರೆ ಎಕರೆ ಅಡಕೆ ತೋಟ, ಎರಡು ಹಸು, ಒಂದಿಷ್ಟು ಕರಿಮೆಣಸಿನ ಬಳ್ಳಿ, ಇಷ್ಟೇ ಆ ಮನೆಯ ಆಸ್ತಿ. ಹಸುಗಳ ಹಾಲು ಕರೆಯುತ್ತಿದ್ದವರು ಅವರೇ.

ಮೂರು ತಿಂಗಳು ಕಳೆದ ಮೇಲೆ ಗಲ್ಫಿನಲ್ಲಿರುವ ಸಂಬಂಧಿಕರೊಬ್ಬರು ಫೋನಿಗೆ ಒಂದು ವೀಡಿಯೋ ಕಳಿಸಿದರು. ಅದರಲ್ಲಿ ಒಬ್ಬಾತ ಕಪ್ಪು ಪ್ಲಾಸ್ಟಿಕ್ಕಿನ ಕೈ ಹಾಕಿಕೊಂಡು ಕೋಳಿಮೊಟ್ಟೆಯನ್ನು ಒಡೆಯದೆ ಎತ್ತಿ ಇಡುತ್ತಾನೆ. ಬೆರಳುಗಳು ಒಂದೊಂದೂ ತಾವಾಗಿ ಮಡಚುತ್ತವೆ. ಬೆಲೆ ವಿಚಾರಿಸಿದರೆ ಲಕ್ಷಗಳ ಮಾತು. ವಾಳೆಯ ಗುರಿಕಾರರು ನಮ್ಮನ್ನು ಆ ಮನೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ತೋಟದ ಕೆಳಗಿನ ಇಪ್ಪತ್ತು ಸೆಂಟ್ಸ್ ಮಾರುವ ಮಾತುಕತೆ ಅರ್ಧ ಮುಗಿದಿತ್ತು. ಮನೆಯ ಅಕ್ಕ ನಮಗೆ ಚಹಾ ಕೊಟ್ಟು ಒಂದೇ ಪ್ರಶ್ನೆ ಕೇಳಿದರು: "ಈ ಕೈ ಹಾಕಿಕೊಂಡರೆ ಇವರು ಮೊದಲಿನ ಹಾಗೆ ಹಾಲು ಕರೆಯಬಹುದಾ?"

ಅಲ್ಲಿದ್ದ ಯಾರಲ್ಲೂ ಉತ್ತರವಿರಲಿಲ್ಲ, ನಮ್ಮಲ್ಲೂ ಇರಲಿಲ್ಲ. ಮುಂಗಡ ತೆಗೆದುಕೊಳ್ಳುವುದನ್ನು ಒಂದು ತಿಂಗಳು ತಡೆಯಿರಿ ಎಂದಷ್ಟೇ ಹೇಳಿ ಬಂದೆವು. ಆಮೇಲೆ ಬಲ್ಲವರನ್ನು ಕೇಳಿದೆವು, ಓದಿದೆವು, ಅವರ ಜೊತೆಗೇ ಒಂದು ಕೃತಕ ಅಂಗಗಳ ಕೇಂದ್ರಕ್ಕೂ ಹೋಗಿ ಬಂದೆವು. ಕತ್ತಿ, ಮೆಷಿನು, ಕರೆಂಟಿನ ನಡುವೆಯೇ ಬದುಕುವ ಮನೆಗಳು ನಮ್ಮವು. ಆದ್ದರಿಂದ ತಿಳಿದುಕೊಂಡದ್ದನ್ನು ಈ ಸಲದ ಅಂಕಣದಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಈ ಕೈ ಕೆಲಸ ಮಾಡುವ ಬಗೆ. ನೀವೇ ಒಂದು ಪರೀಕ್ಷೆ ಮಾಡಿ ನೋಡಿ. ಎಡಗೈಯಿಂದ ಬಲ ಮುಂಗೈಯನ್ನು, ಮೊಣಕೈಗಿಂತ ಸ್ವಲ್ಪ ಕೆಳಗೆ, ಸುತ್ತ ಹಿಡಿದುಕೊಳ್ಳಿ. ಈಗ ಬಲಗೈಯನ್ನು ಮುಷ್ಟಿ ಮಾಡಿ. ಒಳಭಾಗದ ಮಾಂಸ ಉಬ್ಬುತ್ತದೆ. ಬೆರಳುಗಳನ್ನು ಬಲವಾಗಿ ಅಗಲಿಸಿ, ಹೊರಭಾಗದ ಮಾಂಸ ಗಟ್ಟಿಯಾಗುತ್ತದೆ. ಬೆರಳನ್ನು ಆಡಿಸುವ ಮುಖ್ಯ ಸ್ನಾಯುಗಳು ಇರುವುದು ಅಂಗೈಯಲ್ಲಲ್ಲ, ಇಲ್ಲಿ ಮುಂಗೈಯಲ್ಲಿ. ಇಲ್ಲಿಂದ ಹೊರಟ ಗಟ್ಟಿ ನರದ ಹಗ್ಗಗಳು ಮಣಿಕಟ್ಟಿನ ಮೂಲಕ ಹಾದು ಬೆರಳನ್ನು ಎಳೆಯುತ್ತವೆ, ನಮ್ಮ ಕಾಸರಗೋಡಿನ ಯಕ್ಷಗಾನ ಗೊಂಬೆಯಾಟದಲ್ಲಿ ಸೂತ್ರ ಎಳೆದ ಹಾಗೆ. ಅಂದರೆ ಮಣಿಕಟ್ಟಿನ ಮೇಲೆ ಕೈ ತುಂಡಾದವರಲ್ಲಿ ಹೋದದ್ದು ಗೊಂಬೆ, ಸೂತ್ರ ಎಳೆಯುವವನು ಇನ್ನೂ ಪರದೆಯ ಹಿಂದೆ ಕೂತಿದ್ದಾನೆ. ಮುಷ್ಟಿ ಮಾಡು ಎಂದು ಮನಸ್ಸು ಹೇಳಿದರೆ ಆ ಸ್ನಾಯು ಈಗಲೂ ಬಿಗಿಯುತ್ತದೆ.

ಸ್ನಾಯು ಬಿಗಿಯುವಾಗ ಅದರಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಟಾರ್ಚಿನ ಒಂದು ಸೆಲ್ಲು 1.5 ವೋಲ್ಟು, ಇದು ಅದರ ಸಾವಿರದ ಒಂದು ಪಾಲಿನ ಆಸುಪಾಸು, ಹಲವು ಸಲ ಅದಕ್ಕಿಂತಲೂ ಕಡಿಮೆ. ಕೃತಕ ಕೈಯ ಗೂಡಿನೊಳಗೆ, ಅಂದರೆ ಉಳಿದ ತೋಳಿಗೆ ತೊಡುವ ಗಟ್ಟಿ ಕವಚದೊಳಗೆ, ಚರ್ಮಕ್ಕೆ ತಾಗುವಂತೆ ಲೋಹದ ಸಣ್ಣ ಬಿಲ್ಲೆಗಳು ಇರುತ್ತವೆ. ಸಾಮಾನ್ಯವಾಗಿ ಒಳಭಾಗದಲ್ಲಿ ಒಂದು ಜಾಗ, ಹೊರಭಾಗದಲ್ಲಿ ಒಂದು ಜಾಗ. ಅವು ಈ ಸಣ್ಣ ವಿದ್ಯುತ್ತನ್ನು ಹಿಡಿದು ಸಾವಿರಾರು ಪಟ್ಟು ದೊಡ್ಡದು ಮಾಡಿ ಮೋಟಾರಿಗೆ ಅಪ್ಪಣೆ ಕೊಡುತ್ತವೆ. ಒಳಭಾಗ ಬಿಗಿದರೆ ಕೈ ಮುಚ್ಚುತ್ತದೆ, ಹೊರಭಾಗ ಬಿಗಿದರೆ ತೆರೆಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಹಲವರಲ್ಲಿದೆ. ನಮ್ಮ ಮೈಯ ಕರೆಂಟಿನಿಂದಲೇ ಕೈ ನಡೆಯುತ್ತದೆ ಎಂದು ಆ ಮನೆಯಲ್ಲೂ ನಂಬಿದ್ದರು. ಹಾಗಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ನಾವು ಹಸಿರು ಗುಂಡಿ ಒತ್ತುತ್ತೇವೆ, ನೀರು ಎತ್ತುವುದು ಮೋಟಾರು. ಇಲ್ಲಿಯೂ ಸ್ನಾಯು ಗುಂಡಿ ಒತ್ತುತ್ತದೆ ಅಷ್ಟೇ, ದುಡಿಯುವುದು ಬ್ಯಾಟರಿ. ಫೋನಿನ ಹಾಗೆ ಅದನ್ನು ರಾತ್ರಿ ಚಾರ್ಜಿಗೆ ಇಡಬೇಕು. ಮರೆತರೆ ಮರುದಿನ ಮಧ್ಯಾಹ್ನ ತೋಳಿನಲ್ಲಿ ತೂಗುವುದು ಬರಿಯ ಭಾರ.

ಇದು ನಿನ್ನೆ ಮೊನ್ನೆಯ ಆವಿಷ್ಕಾರವೇನೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ರೈನ್‌ಹೋಲ್ಡ್ ರೈಟರ್ ಎಂಬವರು ಸ್ನಾಯುವಿನ ವಿದ್ಯುತ್ತಿನಿಂದ ನಡೆಯುವ ಕೈಯನ್ನು ಮೊದಲ ಬಾರಿ ತಯಾರಿಸಿದರು. 1948ರಲ್ಲಿ ಅದರ ವಿವರ ಪ್ರಕಟಿಸಿದರು. ಆದರೆ ಅದರ ಯಂತ್ರ ಹಳೆಯ ವಾಲ್ವ್ ರೇಡಿಯೋದ ಕಾಲದ್ದು. ಹೊತ್ತು ತಿರುಗುವಂತಿರಲಿಲ್ಲ, ಕಾರ್ಖಾನೆಯ ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗಷ್ಟೇ ಯೋಚಿಸಿದ್ದು. ಹಾಗೆಯೇ ಮರೆತುಹೋಯಿತು. ಟ್ರಾನ್ಸಿಸ್ಟರು ಬಂದ ಮೇಲೆ 1950ರ ದಶಕದ ಕೊನೆಗೆ ಮಾಸ್ಕೋದಲ್ಲಿ ಅಲೆಕ್ಸಾಂಡರ್ ಕೋಬ್ರಿನ್ಸ್‌ಕಿ ಮತ್ತು ಅವರ ಸಂಗಡಿಗರು ಸೊಂಟಕ್ಕೆ ಬ್ಯಾಟರಿ ಕಟ್ಟಿಕೊಂಡು ಬಳಸಬಹುದಾದ ಕೈಯನ್ನು ಮಾಡಿದರು. ಮುಂದೆ ಜರ್ಮನಿಯ ಒಟ್ಟೊಬಾಕ್ ಮುಂತಾದ ಕಂಪೆನಿಗಳು ಅದನ್ನು ಮಾರುಕಟ್ಟೆಗೆ ತಂದವು. ಆದರೂ ಬಹುಕಾಲ ಅದು ಹೆಬ್ಬೆರಳು ಮತ್ತು ಎರಡು ಬೆರಳು ಸೇರಿ ಹಿಡಿಯುವ ಇಕ್ಕಳವೇ ಆಗಿತ್ತು, ಮೇಲಿಂದ ಚರ್ಮದ ಬಣ್ಣದ ಗವಸು. ಐದು ಬೆರಳಿಗೂ ಒಂದೊಂದು ಮೋಟಾರು ಇಟ್ಟ ಕೈ ಮಾರಾಟಕ್ಕೆ ಬಂದದ್ದು 2007ರಲ್ಲಿ, ಸ್ಕಾಟ್ಲೆಂಡಿನಿಂದ. ಡೇವಿಡ್ ಗೋ ಎಂಬವರು ಎಡಿನ್‌ಬರೋದ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ದುಡಿದ ಫಲ ಅದು, ಹೆಸರು ಐ-ಲಿಂಬ್. ಮೊಟ್ಟೆ ಎತ್ತುವ ವೀಡಿಯೋದಲ್ಲಿ ಕಂಡದ್ದು ಇದೇ ಜಾತಿಯ ಕೈ.

ನಮ್ಮ ದೇಶದಲ್ಲೂ ಈಗ ಇವು ತಯಾರಾಗುತ್ತಿವೆ. ಮುಂಬಯಿಯ ರೋಬೋ ಬಯೋನಿಕ್ಸ್‌ನವರ ಗ್ರಿಪ್ಪಿ, ಹೈದರಾಬಾದಿನ ಮೇಕರ್ಸ್ ಹೈವ್‌ನವರ ಕಲ್‌ಆರ್ಮ್ ಹೆಸರು ಪಡೆದಿವೆ. ಹೊರದೇಶದ ಐದು ಬೆರಳಿನ ಕೈಗಳಿಗೆ ಹತ್ತು ಲಕ್ಷಕ್ಕೂ ಮೇಲೆ ಹೇಳುವಾಗ ಇಲ್ಲಿಯವು ಅದರ ಒಂದು ಪಾಲಿಗೆ ಸಿಗುತ್ತವೆ. ಆ ಪಾಲೂ ನಮ್ಮಂಥವರಿಗೆ ಚಿಕ್ಕದಲ್ಲ ಎನ್ನುವುದು ಬೇರೆ ಮಾತು.

ಈಗ ಅಕ್ಕನ ಪ್ರಶ್ನೆಗೆ ಬರೋಣ. ಹಾಲು ಕರೆಯುವುದನ್ನು ನಾವು ಸುಲಭದ ಕೆಲಸ ಎಂದುಕೊಳ್ಳುತ್ತೇವೆ. ಆದರೆ ಕೈ ಮಾಡುವುದನ್ನು ಗಮನಿಸಿ ನೋಡಿ. ಹೆಬ್ಬೆರಳು ತೋರುಬೆರಳಿನಿಂದ ಮೊಲೆಯ ಬುಡವನ್ನು ಬಿಗಿಯಬೇಕು, ಆಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಬೆರಳು ಒತ್ತಬೇಕು, ಬಿಡಬೇಕು, ಮತ್ತೆ ಹಿಡಿಯಬೇಕು. ನಿಮಿಷಕ್ಕೆ ಎಷ್ಟೋ ಸಲ. ಮೋಟಾರಿನ ಕೈ ಮುಚ್ಚಿ ತೆರೆಯಬಲ್ಲದು, ಆದರೆ ಆ ಬೆರಳ ಸಾಲಿನ ಒತ್ತು ಅದಕ್ಕೆ ಬಾರದು. ಅದಕ್ಕಿಂತ ದೊಡ್ಡ ಕೊರತೆ ಸ್ಪರ್ಶದ್ದು. ಕೆಚ್ಚಲು ಬಿಸಿಯಾಗಿದೆಯೇ, ಗಂಟು ಕಟ್ಟಿದೆಯೇ, ಮೊಲೆಯಲ್ಲಿ ಗಾಯವಿದೆಯೇ ಎಂದು ಕರೆಯುವವನ ಬೆರಳಿಗೆ ಮೊದಲು ಗೊತ್ತಾಗುತ್ತದೆ. ಕೆಚ್ಚಲುಬಾವನ್ನು ನಾವು ಹಿಡಿಯುವುದೇ ಹಾಗಲ್ಲವೇ? ಮಾರುಕಟ್ಟೆಯ ಹೆಚ್ಚಿನ ಮೋಟಾರಿನ ಕೈಗಳಿಗೆ ಇದು ಯಾವುದೂ ತಿಳಿಯದು. ಗ್ರಿಪ್ಪಿಯಂಥ ಕೆಲವು ಕೈಗಳು ವಸ್ತು ತಾಗಿದ್ದನ್ನು ಸಣ್ಣ ಕಂಪನದ ಮೂಲಕ ತೋಳಿಗೆ ತಿಳಿಸುತ್ತವೆ. ಆದರೆ ತಾಗಿತು ಎಂದು ಗೊತ್ತಾಗುವುದೂ ಬಿಸಿ ತಣ್ಣಗು ಗೊತ್ತಾಗುವುದೂ ಒಂದೇ ಅಲ್ಲ. ಮೊಟ್ಟೆ ಎತ್ತಿದವನು ಮೊಟ್ಟೆಯ ಮೇಲಿಟ್ಟ ಕಣ್ಣನ್ನು ತೆಗೆಯಲಿಲ್ಲ, ವೀಡಿಯೋ ಇನ್ನೊಮ್ಮೆ ನೋಡಿದರೆ ಕಾಣುತ್ತದೆ. ಮುಂಜಾನೆ ಐದು ಗಂಟೆಗೆ ಹಟ್ಟಿಯ ಮಂದ ಬೆಳಕಿನಲ್ಲಿ, ಹೊಟ್ಟೆಯ ಕೆಳಗೆ, ಬಾಲ ಬೀಸುವ ಹಸುವಿನೊಡನೆ ಅದು ನಡೆಯುವ ಮಾತಲ್ಲ. ಒದ್ದೆ ಬೇರೆ.

ಆದ್ದರಿಂದ ಉತ್ತರ ಇಲ್ಲ ಎಂಬುದೇ. ಕೇಂದ್ರದ ತಂತ್ರಜ್ಞರೂ ಇದನ್ನೇ ಹೇಳಿದರು. ಅವರು ಒಂದು ಮಾತು ಸೇರಿಸಿದರು, ಅದು ನಮಗೆ ಹೊಳೆದಿರಲಿಲ್ಲ: ಹಾಲು ಕರೆಯುವುದೇ ಚಿಂತೆಯಾದರೆ ಕೈಗಿಂತ ಹಾಲು ಕರೆಯುವ ಯಂತ್ರ ಕೊಳ್ಳಿ. ಎರಡು ಹಸುವಿಗೆ ಸಾಕಾಗುವ ಸಣ್ಣ ಯಂತ್ರದ ಬೆಲೆ ಮೋಟಾರು ಕೈಯ ಬೆಲೆಯ ಮುಂದೆ ಏನೂ ಅಲ್ಲ. ಅದರ ಬಟ್ಟಲುಗಳನ್ನು ಒಂದೇ ಕೈಯಲ್ಲಿ ಹಾಕಲು ಅಭ್ಯಾಸವಾಗುತ್ತದೆ.

ಹಾಗಾದರೆ ಮೋಟಾರಿನ ಕೈ ಯಾವುದಕ್ಕೆ ಒಳ್ಳೆಯದು? ಒಣ ಕೆಲಸಕ್ಕೆ, ಮನೆಯೊಳಗಿನ, ಅಂಗಡಿ ಆಫೀಸಿನ ಕೆಲಸಕ್ಕೆ. ಒಂದು ಕೈ ಹಿಡಿದುಕೊಳ್ಳಬೇಕು, ಇನ್ನೊಂದು ಕೈ ಕೆಲಸ ಮಾಡಬೇಕು ಎನ್ನುವಲ್ಲೆಲ್ಲ ಅದು ಸಹಾಯಕ. ಬಾಟಲಿ ಹಿಡಿದರೆ ಎಡಗೈ ಮುಚ್ಚಳ ತಿರುಗಿಸುತ್ತದೆ. ತರಕಾರಿ ಹಿಡಿದರೆ ಎಡಗೈ ಕೊಯ್ಯುತ್ತದೆ. ಕಾಗದ, ಚೀಲ, ಅಂಗಿಯ ಅಂಚು, ಸೈಕಲಿನ ಹ್ಯಾಂಡಲು ಹಿಡಿಯಬಹುದು. ಸಾಮಾನ್ಯ ಮೋಟಾರು ಕೈಯ ಹಿಡಿತ ಸುಮಾರು ಹತ್ತು ಕಿಲೋ ಭಾರದ ಒತ್ತಿನಷ್ಟು. ದುಡಿಯುವ ಗಂಡಸಿನ ಮುಷ್ಟಿಯ ಬಲ ಅದರ ಮೂರು ನಾಲ್ಕು ಪಟ್ಟು. ಒಂದು ಕೈಯಲ್ಲಿ ಅಂಗಡಿ ನಡೆಸುವವರಿಗೆ, ಶಾಲೆಯಲ್ಲಿ ಕಲಿಸುವವರಿಗೆ, ಕಂಪ್ಯೂಟರಿನ ಮುಂದೆ ಕೂರುವ ಯುವಕರಿಗೆ ಇದು ನಿಜವಾಗಿಯೂ ಬದುಕು ಹಗುರ ಮಾಡಿದೆ. ಜನರ ನಡುವೆ ಹೋಗುವಾಗಿನ ಮುಜುಗರವೂ ಕಡಿಮೆಯಾಗುತ್ತದೆ, ಅದನ್ನು ಸಣ್ಣ ಲಾಭ ಎಂದು ನಾವು ಹೇಳಲಾರೆವು.

ತೋಟದ ಕೆಲಸ ಬೇರೆ. ಹೆಚ್ಚಿನ ಮೋಟಾರು ಕೈಗಳಿಗೆ ನೀರು ಆಗದು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ತಯಾರಾಗುವ ಟಾಸ್ಕಾ ಎಂಬ ಕೈ ನೀರಿಗೆ ಅಂಜದು, ಆದರೆ ಅದರ ಬೆಲೆಗೆ ನಾವು ಅಂಜಬೇಕು. ಮಣ್ಣು, ಮರಳು, ಅಡಕೆಯ ಧೂಳು ಬೆರಳ ಸಂದಿಗೆ ಹೊಕ್ಕರೆ ರಿಪೇರಿ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನ ಮೈಲುತುತ್ತು ಲೋಹವನ್ನು ತಿನ್ನುತ್ತದೆ ಎಂದು ನಮಗೆ ಹೇಳಬೇಕಾಗಿಲ್ಲ, ತುತ್ತು ಕರಗಿಸಿದ ಕಬ್ಬಿಣದ ಬಕೆಟಿನ ಗತಿ ಎಲ್ಲರೂ ಕಂಡದ್ದೇ. ಇನ್ನು ಬೆವರು. ನಮ್ಮ ಕರಾವಳಿಯ ಮೇ ತಿಂಗಳಿನಲ್ಲಿ ಗೂಡಿನೊಳಗೆ ತೋಳು ಬೆವತರೆ ಬಿಲ್ಲೆಗಳು ಜಾರುತ್ತವೆ. ಮುಚ್ಚು ಎಂದರೆ ಕೈ ತೆರೆಯುತ್ತದೆ. ಕತ್ತಿ ಹಿಡಿದಿರುವಾಗ ಹಾಗಾದರೆ? ಮೋಟಾರಿನ ಕೈಯಲ್ಲಿ ಹರಿತದ ಹತ್ಯಾರು ಹಿಡಿಯುವ ಯೋಚನೆಯನ್ನೇ ಬಿಡಬೇಕು, ಅದು ಇರುವ ಕೈಗೇ ಮೀಸಲಿರಲಿ.

ಇಲ್ಲಿ ಒಂದು ಹಳೆಯ ಸಾಧನದ ಪರವಾಗಿ ಮಾತಾಡಬೇಕೆನಿಸುತ್ತದೆ. ಅಮೆರಿಕದ ಡೇವಿಡ್ ಡೊರೆನ್ಸ್ ಎಂಬ ಕೆಲಸಗಾರ ಮರದ ಮಿಲ್ಲಿನಲ್ಲಿ ಬಲಗೈ ಕಳೆದುಕೊಂಡ. ಆಗ ಸಿಗುತ್ತಿದ್ದ ಕೃತಕ ಕೈಗಳು ಅವನ ಕೆಲಸಕ್ಕೆ ಬಾರದವು. ಆತ ತಾನೇ ಎರಡು ಸೀಳಿನ ಒಂದು ಕಬ್ಬಿಣದ ಕೊಕ್ಕೆ ಮಾಡಿಕೊಂಡು 1912ರಲ್ಲಿ ಪೇಟೆಂಟು ಪಡೆದ. ಬುಡಕ್ಕೆ ರಬ್ಬರಿನ ಬಳೆಗಳು, ಅವು ಕೊಕ್ಕೆಯನ್ನು ಮುಚ್ಚಿ ಹಿಡಿಯುತ್ತವೆ. ಒಂದೊಂದು ಬಳೆಗೆ ಸುಮಾರು ಅರ್ಧ ಕಿಲೋ ಹಿಡಿತ, ಬೇಕಾದಷ್ಟು ಹಾಕಿಕೊಳ್ಳಬಹುದು. ಇನ್ನೊಂದು ಭುಜದ ಸುತ್ತ ಪಟ್ಟಿ, ಅದರಿಂದ ಒಂದು ತಂತಿ. ಭುಜವನ್ನು ಮುಂದಕ್ಕೆ ಚಾಚಿದರೆ ತಂತಿ ಎಳೆದು ಕೊಕ್ಕೆ ತೆರೆಯುತ್ತದೆ. ಬ್ಯಾಟರಿ ಇಲ್ಲ, ಮೋಟಾರು ಇಲ್ಲ. ನೂರಕ್ಕೂ ಹೆಚ್ಚು ವರ್ಷಗಳಾದವು, ಇನ್ನೂ ಜನ ಅದನ್ನು ಬಳಸುತ್ತಿದ್ದಾರೆ. ನೋಡಲು ಚೆಂದವಿಲ್ಲ, ಒಪ್ಪಿದೆವು. ಮಕ್ಕಳು ಹೆದರುತ್ತಾರೆ ಎಂದು ಆ ಮನೆಯಲ್ಲಿ ಮೊದಲು ಬೇಡ ಎಂದರು. ಆದರೆ ಬಕೆಟು, ಹಗ್ಗ, ಹಾರೆಯ ಹಿಡಿ, ಹುಲ್ಲಿನ ಕಂತೆ, ಒದ್ದೆ, ಕೆಸರು, ಯಾವುದಕ್ಕೂ ಅದು ಹಿಂದೇಟು ಹಾಕದು. ತಂತಿಯ ಬಿಗಿತದಿಂದ ಎಷ್ಟು ತೆರೆದಿದೆ ಎಂದು ಭುಜಕ್ಕೆ ಸ್ವಲ್ಪ ತಿಳಿಯುತ್ತದೆ ಕೂಡ.

ಇದು ಬರೇ ನಮ್ಮ ಅಭಿಪ್ರಾಯವಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿ 2016ರಲ್ಲಿ ಅಂಗವಿಕಲರ ಯಾಂತ್ರಿಕ ಸಾಧನಗಳಿಗಾಗಿ ಸೈಬಥ್ಲಾನ್ ಎಂಬ ಮೊದಲ ಪಂದ್ಯ ನಡೆಯಿತು. ಕೃತಕ ತೋಳಿನ ಸ್ಪರ್ಧೆಯಲ್ಲಿ ರೊಟ್ಟಿ ಕೊಯ್ಯುವುದು, ಬಟ್ಟೆ ಒಣಹಾಕುವುದು ಮುಂತಾದ ಮನೆಗೆಲಸಗಳು. ಪ್ರಪಂಚದ ಹೆಸರಾಂತ ಮೋಟಾರು ಕೈಗಳು ಬಂದಿದ್ದವು. ಗೆದ್ದವರು ಅಮೆರಿಕದ ರಾಬರ್ಟ್ ರಡೋಸಿ. ಅವರ ಕೈಯಲ್ಲಿದ್ದದ್ದು ಭುಜದಿಂದ ತಂತಿ ಎಳೆದು ನಡೆಸುವ, ಬ್ಯಾಟರಿಯೇ ಇಲ್ಲದ ಹಿಡಿ.

ಹಾಗೆಂದು ಕೊಕ್ಕೆಯೇ ಎಲ್ಲರಿಗೂ ಸರಿ ಎಂದೂ ಅಲ್ಲ. 2007ರಲ್ಲಿ ಕೆನಡಾದ ಇಬ್ಬರು ಸಂಶೋಧಕರು ಹಿಂದಿನ 25 ವರ್ಷಗಳ ಅಧ್ಯಯನಗಳನ್ನು ಕೂಡಿಸಿ ನೋಡಿದರು. ಕೃತಕ ಕೈ ಹಾಕಿಸಿಕೊಂಡ ದೊಡ್ಡವರಲ್ಲಿ ತಂತಿಯ ಕೈಯನ್ನು ಬಿಟ್ಟುಬಿಟ್ಟವರು ಸರಾಸರಿ ನೂರಕ್ಕೆ 26, ವಿದ್ಯುತ್ತಿನ ಕೈಯನ್ನು ಬಿಟ್ಟವರು 23. ಮಕ್ಕಳಲ್ಲಿ ಇನ್ನೂ ಹೆಚ್ಚು, 45 ಮತ್ತು 35. ಅಂದರೆ ಯಾವುದನ್ನೇ ಹಾಕಿಸಲಿ, ನಾಲ್ವರು ದೊಡ್ಡವರಲ್ಲಿ ಒಬ್ಬರದ್ದು ಕೊನೆಗೆ ಕಪಾಟಿನ ಮೇಲೆ ಕೂರುತ್ತದೆ. ಭಾರ, ಸೆಕೆ, ಚರ್ಮದ ಉರಿ, ಒಂದೇ ಕೈಯಲ್ಲಿ ಬೇಗ ಆಗುತ್ತದೆ ಎಂಬ ಅನುಭವ, ಇವೇ ಕಾರಣಗಳು. ಜಾಗ ಮಾರಿ ಕೊಂಡ ಕೈ ಕಪಾಟಿನಲ್ಲಿ ಕೂತರೆ ಏನಾದೀತು ಎಂದು ಆ ಮನೆಯವರಿಗೆ ನಾವು ಕೇಳಿದ್ದು ಈ ಲೆಕ್ಕ ನೋಡಿದ ಮೇಲೆ.

ಕೇಂದ್ರದಲ್ಲಿ ಅವರ ತೋಳಿಗೆ ಬಿಲ್ಲೆ ಇಟ್ಟು ಪರೀಕ್ಷೆ ಮಾಡಿದರು. ಎದುರಿನ ಪರದೆಯಲ್ಲಿ ಎರಡು ಗೆರೆ. ಇಲ್ಲದ ಕೈಯನ್ನು ಮುಚ್ಚಿ ಎಂದರು. ಮೊದಲು ಎರಡು ಗೆರೆಗಳೂ ಒಟ್ಟಿಗೇ ಎದ್ದವು, ಎಂದರೆ ಒಳಸ್ನಾಯು ಹೊರಸ್ನಾಯು ಎರಡೂ ಒಮ್ಮೆಲೇ ಬಿಗಿದವು. ಹತ್ತಿಪ್ಪತ್ತು ಸಲ ಮಾಡಿದ ಮೇಲೆ ಒಂದು ಗೆರೆ ಮಾತ್ರ ಎದ್ದಿತು. ಅವರ ಮುಖದಲ್ಲಿ ಮೂರು ತಿಂಗಳ ಮೇಲೆ ನಗು ಕಂಡದ್ದು ಆಗಲೇ ಎಂದು ಅಕ್ಕ ಹೇಳಿದರು. ಸ್ನಾಯು ಸೊರಗಿದೆ, ವ್ಯಾಯಾಮ ಸಾಲದು ಎಂದೂ ಅಲ್ಲಿ ಗೊತ್ತಾಯಿತು. ಆಸ್ಪತ್ರೆಯಿಂದ ಬಿಡುವಾಗ ಗಾಯದ ಬಗ್ಗೆ ಹೇಳಿದ್ದರೇ ಹೊರತು ಮುಂದಿನದನ್ನು ಯಾರೂ ಹೇಳಿರಲಿಲ್ಲ. ಇದು ಬಹಳ ಮನೆಗಳ ಕತೆ.

ಆದ್ದರಿಂದ ಮುಂದಿನದನ್ನು ಇಲ್ಲಿ ಬರೆಯುತ್ತೇವೆ. ಗಾಯ ಮಾಗುತ್ತಿದ್ದಂತೆ, ವೈದ್ಯರ ಅಪ್ಪಣೆ ಪಡೆದು, ತೋಳಿನ ತುದಿಗೆ ಎಲಾಸ್ಟಿಕ್ ಪಟ್ಟಿಯನ್ನು ಎಂಟರ ಆಕಾರದಲ್ಲಿ ಸುತ್ತಬೇಕು. ತುದಿಯಲ್ಲಿ ಬಿಗಿ, ಮೇಲಕ್ಕೆ ಹೋದಂತೆ ಸಡಿಲ. ಇದರಿಂದ ಬಾವು ಇಳಿದು ತುದಿ ಗೂಡಿಗೆ ಹೊಂದುವ ಆಕಾರಕ್ಕೆ ಬರುತ್ತದೆ. ಭುಜ, ಮೊಣಕೈ ದಿನಾಲೂ ಆಡಿಸಬೇಕು, ಇಲ್ಲವಾದರೆ ಕೀಲು ಹಿಡಿದುಕೊಳ್ಳುತ್ತದೆ. ತುದಿಯ ಚರ್ಮವನ್ನು ಮೊದಲು ಹತ್ತಿಯಿಂದ, ಆಮೇಲೆ ಬಟ್ಟೆಯಿಂದ, ಟವೆಲಿನಿಂದ ಮೆಲ್ಲಗೆ ಉಜ್ಜಿ ಒರಟಿಗೆ ಒಗ್ಗಿಸಬೇಕು. ಇಲ್ಲದ ಬೆರಳುಗಳನ್ನು ಮುಚ್ಚುವ ತೆರೆಯುವ ಅಭ್ಯಾಸವನ್ನು ದಿನಕ್ಕೆ ಕೆಲವು ಸಲ ಮಾಡಬೇಕು. ತಡ ಮಾಡಬಾರದು. ಮೊದಲ ತಿಂಗಳೊಳಗೆ ಕೃತಕ ಕೈಗೆ ಒಗ್ಗಿದವರು ಅದನ್ನು ಉಳಿಸಿಕೊಳ್ಳುವುದು ಹೆಚ್ಚು ಎಂದು ಅಮೆರಿಕದ ವೈದ್ಯರು 1984ರಲ್ಲೇ ಬರೆದಿದ್ದಾರೆ; ತಡವಾದಷ್ಟು ಒಂದು ಕೈಯ ರೂಢಿ ಗಟ್ಟಿಯಾಗಿಬಿಡುತ್ತದೆ.

ಇಲ್ಲದ ಕೈಯಲ್ಲಿ ನೋವು ಬರುತ್ತದೆ ಎಂದರೆ ಮನೆಯವರು ನಂಬುವುದಿಲ್ಲ. ಬೆರಳು ಮುರುಟಿದ ಹಾಗೆ, ಉರಿದ ಹಾಗೆ, ರಾತ್ರಿ ಎಚ್ಚರವಾಗುವಷ್ಟು. ಇದು ಭ್ರಮೆಯಲ್ಲ, ಹುಚ್ಚೂ ಅಲ್ಲ. ಕೈ ಹೋದರೂ ಮೆದುಳಿನಲ್ಲಿ ಅದರ ಜಾಗ ಉಳಿದಿದೆ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಇದಕ್ಕೆ ಒಂದು ಸಾದಾ ಉಪಾಯ ತೋರಿಸಿದರು. ಎದುರಿಗೆ ಕನ್ನಡಿಯನ್ನು ನಡುವೆ ನಿಲ್ಲಿಸಿ, ಇರುವ ಕೈಯ ಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುವಂತೆ ಕೂರಬೇಕು. ಇರುವ ಕೈಯನ್ನು ಮೆಲ್ಲಗೆ ಮುಚ್ಚಿ ತೆರೆಯುತ್ತಾ ಬಿಂಬವನ್ನೇ ನೋಡಬೇಕು. ಮುರುಟಿದ ಬೆರಳು ಬಿಚ್ಚಿದಂತೆ ಹಲವರಿಗೆ ಅನಿಸುತ್ತದೆ. ಎಲ್ಲರಿಗೂ ಫಲ ಸಿಗದು, ಆದರೆ ಖರ್ಚು ಒಂದು ಕನ್ನಡಿಯದ್ದು. ನಮ್ಮವರಿಗೆ ಎರಡನೆಯ ವಾರದಿಂದ ರಾತ್ರಿ ನಿದ್ದೆ ಬರತೊಡಗಿತು.

ದೂರದಲ್ಲಿ ಇನ್ನೂ ದೊಡ್ಡ ಪ್ರಯೋಗಗಳು ನಡೆದಿವೆ. ಸ್ವೀಡನ್ನಿನ ಒಬ್ಬ ಮಹಿಳೆ ಕೃಷಿ ಅಪಘಾತದಲ್ಲೇ ಬಲಗೈ ಕಳೆದುಕೊಂಡವರು. ಅವರ ತೋಳಿನ ಎಲುಬಿಗೇ ಲೋಹದ ಕಡ್ಡಿ ಕೂರಿಸಿ, ನರ ಮತ್ತು ಸ್ನಾಯುಗಳಿಗೆ ತಂತಿ ಜೋಡಿಸಿ ಮೋಟಾರು ಕೈ ಹಾಕಿದರು. ವರ್ಷಗಟ್ಟಲೆ ದಿನಾಲೂ ಬಳಸಿ ಅವರ ನೋವೂ ಬಹಳ ಕಡಿಮೆಯಾಯಿತು ಎಂದು 2023ರಲ್ಲಿ ವರದಿಯಾಯಿತು. ಹತ್ತಿರದಲ್ಲೇ, ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ 2015ರ ಜನವರಿಯಲ್ಲಿ ಭಾರತದ ಮೊದಲ ಕೈ ಕಸಿ ನಡೆಯಿತು, ತೀರಿಹೋದವರ ಕೈಗಳನ್ನು ಇನ್ನೊಬ್ಬರಿಗೆ ಜೋಡಿಸಿದರು. ಆದರೆ ಕಸಿ ಮಾಡಿಸಿಕೊಂಡವರು ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮದ್ದನ್ನು ಬದುಕಿರುವಷ್ಟು ಕಾಲ ತೆಗೆದುಕೊಳ್ಳಬೇಕು. ಎರಡೂ ಕೈ ಹೋದವರಿಗೆ ಅದನ್ನು ಯೋಚಿಸುತ್ತಾರೆ, ಒಂದು ಕೈ ಗಟ್ಟಿಯಿರುವವರಿಗೆ ಸಾಮಾನ್ಯವಾಗಿ ಅಲ್ಲ.

ಹಣದ ವಿಷಯ. ಮೊದಲು ಅಂಗವೈಕಲ್ಯದ ಯುಡಿಐಡಿ ಕಾರ್ಡು ಮಾಡಿಸಿಕೊಳ್ಳಿ. ವೈಕಲ್ಯ ನೂರಕ್ಕೆ 40 ಅಥವಾ ಮೇಲಿದ್ದರೆ ಸರಕಾರದ ಸವಲತ್ತುಗಳಿಗೆ ದಾರಿಯಾಗುತ್ತದೆ. 1981ರಿಂದ ಇರುವ ಕೇಂದ್ರ ಸರಕಾರದ ಎಡಿಐಪಿ ಯೋಜನೆಯಲ್ಲಿ ನಿಗದಿತ ಆದಾಯದ ಒಳಗಿನವರಿಗೆ ಕೃತಕ ಅಂಗಗಳು ಉಚಿತವಾಗಿ ಅಥವಾ ಅರ್ಧ ಬೆಲೆಗೆ ಸಿಗುತ್ತವೆ. ಜೈಪುರದ ಕಾಲಿಗೆ ಹೆಸರಾದ ಭಗವಾನ್ ಮಹಾವೀರ ಸಮಿತಿ, 1975ರಲ್ಲಿ ಆರಂಭವಾದದ್ದು, ಕೈಗಳನ್ನೂ ಉಚಿತವಾಗಿ ಕೊಡುತ್ತದೆ. ರೋಟರಿಯವರು ಶಿಬಿರಗಳಲ್ಲಿ ಹಂಚುವ ಎಲ್‌ಎನ್-4 ಎಂಬ ಹಗುರ ಪ್ಲಾಸ್ಟಿಕ್ ಕೈಯೂ ಉಚಿತ; ಮೊಣಕೈಯ ಕೆಳಗೆ ಸಾಕಷ್ಟು ತೋಳು ಉಳಿದಿರಬೇಕು ಅಷ್ಟೇ. ಅದಕ್ಕೆ ಮೋಟಾರಿಲ್ಲ, ಇನ್ನೊಂದು ಕೈಯಿಂದ ಅದರ ಬೆರಳು ಸರಿಸಿಟ್ಟರೆ ಹಿಡಿದುಕೊಳ್ಳುತ್ತದೆ. ಪೂರ್ತಿ ಚಿಕಿತ್ಸೆ ತರಬೇತಿ ಬೇಕಾದವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪುನರ್ವಸತಿ ವಿಭಾಗವನ್ನು, ತ್ರಿಶೂರು ಜಿಲ್ಲೆ ಇರಿಂಞಾಲಕುಡದ ನಿಪ್ಮರ್ ಸಂಸ್ಥೆಯನ್ನು ವಿಚಾರಿಸಬಹುದು. ಮೋಟಾರು ಕೈ ಕೊಳ್ಳುವುದೇ ಆದರೆ ಮೂರು ಮಾತು ಕೇಳದೆ ಹಣ ಕೊಡಬೇಡಿ: ಕೆಲವು ದಿನ ಮನೆಗೆ ಕೊಟ್ಟು ಪರೀಕ್ಷೆಗೆ ಬಿಡುತ್ತಾರೆಯೇ, ಕೆಟ್ಟರೆ ರಿಪೇರಿ ಎಷ್ಟು ದೂರದಲ್ಲಿ, ಎರಡು ಮೂರು ವರ್ಷದಲ್ಲಿ ತೋಳು ತೆಳ್ಳಗಾದರೆ ಹೊಸ ಗೂಡಿನ ಖರ್ಚು ಯಾರದ್ದು.

ಕೈ ಹೋಗದಂತೆ ನೋಡಿಕೊಳ್ಳುವ ಬಗ್ಗೆಯೂ ಎರಡು ಮಾತು. 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ಬಂದದ್ದೇ ಒಕ್ಕಣೆ ಯಂತ್ರಗಳಿಗೆ ಸಾವಿರಾರು ರೈತರ ಕೈ ಸಿಕ್ಕಿದ ಮೇಲೆ. ಮೇವಿನ ಮೆಷಿನಿನ ಬಾಯಿಗೆ ಉದ್ದದ ತೊಟ್ಟಿ ಇರಲಿ, ಬ್ಲೇಡಿಗೆ ಕೈ ಮುಟ್ಟದಷ್ಟು ಉದ್ದ. ಸಿಕ್ಕಿಕೊಂಡ ಹುಲ್ಲನ್ನು ಬಿಡಿಸುವ ಮೊದಲು ಪ್ಲಗ್ಗನ್ನೇ ಕಳಚಬೇಕು. ಇನ್ನು ದೋಟಿ. ಈಗಿನ ಹಗುರ ಕಾರ್ಬನ್ ಫೈಬರ್ ದೋಟಿ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ, ಆದರೆ ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ, ಅಲ್ಯೂಮಿನಿಯಂ ಏಣಿಯ ಹಾಗೆಯೇ. ತೋಟದ ಮೇಲೆ ಲೈನು ಹಾದುಹೋಗಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಎತ್ತುವ ಮೊದಲು ವಿದ್ಯುತ್ ಕಚೇರಿಗೆ ತಿಳಿಸಿ ಲೈನು ಆರಿಸಿಕೊಳ್ಳಿ. ಹೈ ವೋಲ್ಟೇಜು ತಾಗಿ ಬದುಕಿ ಉಳಿದವರಲ್ಲಿ ಎರಡೂ ಕೈ ಕಳೆದುಕೊಂಡವರಿದ್ದಾರೆ.

ಅಪಘಾತ ಆಗಿಯೇ ಹೋದರೆ ಮೊದಲು ಮೈನ್ ಆರಿಸಿ. ಸಿಕ್ಕಿದ ಕೈಯನ್ನು ಜಗ್ಗಿ ಎಳೆಯಬೇಡಿ. ರಕ್ತ ಬರುವ ಜಾಗವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲಕ್ಕೆತ್ತಿ. ನಿಲ್ಲದೇ ಹೋದರೆ ಗಾಯದ ಮೇಲ್ಗಡೆ ಎರಡಿಂಚು ಅಗಲದ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ, ಕಟ್ಟಿದ ಗಂಟೆಯನ್ನು ಬರೆದಿಡಿ. ಹಗ್ಗ, ತಂತಿ ಬೇಡ. ಅರಸಿನ, ಕಾಫಿಪುಡಿ ತುಂಬಬೇಡಿ. ತುಂಡಾದ ಭಾಗವನ್ನು ಬಿಸಾಡಬೇಡಿ: ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಆ ಚೀಲವನ್ನು ಐಸು ಹಾಕಿದ ನೀರಿನಲ್ಲಿಡಿ. ಐಸು ನೇರ ತಾಗಬಾರದು, ತಾಗಿದರೆ ಮಾಂಸ ಸಾಯುತ್ತದೆ. ಆರು ಗಂಟೆಯೊಳಗೆ ಮರುಜೋಡಣೆ ಮಾಡುವ ಆಸ್ಪತ್ರೆ ಮುಟ್ಟಿದರೆ ಅವರದೇ ಕೈ ಉಳಿಯುವ ಸಂಭವವಿದೆ. ನಮ್ಮ ಈ ಕೃಷಿಕರ ತುಂಡಾದ ಬೆರಳುಗಳನ್ನು ಗಡಿಬಿಡಿಯಲ್ಲಿ ಯಾರೂ ಹುಡುಕಲಿಲ್ಲ. ಮರುದಿನ ಹುಲ್ಲಿನ ರಾಶಿಯಲ್ಲಿ ಸಿಕ್ಕಿದವು.

ಇಪ್ಪತ್ತು ಸೆಂಟ್ಸ್ ಮಾರಲಿಲ್ಲ. ಶಿಬಿರವೊಂದರಲ್ಲಿ ಅವರಿಗೆ ತಂತಿಯ ಕೊಕ್ಕೆ ಸಿಕ್ಕಿತು, ಮೊದಲ ವಾರ ಹಾಕಲು ನಾಚಿದರು, ಈಗ ಬೆಳಿಗ್ಗೆ ಎದ್ದ ಕೂಡಲೇ ಹುಡುಕುತ್ತಾರೆ. ಸದ್ಯ ಹಾಲು ಕರೆಯುವುದು ಅಕ್ಕ. ಅವರು ಎಡಗೈಯಿಂದ ಕರು ಬಿಡುತ್ತಾರೆ, ಕೊಕ್ಕೆಗೆ ಕ್ಯಾನು ಸಿಕ್ಕಿಸಿಕೊಂಡು ಸೊಸೈಟಿಗೆ ಹೋಗುತ್ತಾರೆ. ಕರೆಯುವ ಯಂತ್ರಕ್ಕೆ ಸೊಸೈಟಿಯಲ್ಲಿ ಸಾಲದ ಅರ್ಜಿ ಹಾಕಿದ್ದಾರೆ. ಮೋಟಾರು ಕೈಯ ಪರೀಕ್ಷೆಗೆ ಸ್ನಾಯು ಗಟ್ಟಿಯಾದ ಮೇಲೆ ಇನ್ನೊಮ್ಮೆ ಬನ್ನಿ ಎಂದು ಕೇಂದ್ರದವರು ಹೇಳಿದ್ದಾರೆ. ಅಡಕೆ ಕೊಯ್ಲು ಮುಗಿಸಿ ಹೋಗುವುದೆಂದು ತೀರ್ಮಾನವಾಗಿದೆ.